ಸೈಕಲ್ ವೈರಿನ ತುದಿ ಕೆದರದಂತೆ ಮುಗಿಸೋದು ಹೇಗೆ? ಮಳೆನೀರು ಒಳಗೆ ಇಳಿಯದಂತೆ ತಡೆಯೋದು ಹೇಗೆ?

"ಹೊಸ ಬ್ರೇಕ್ ವೈರ್ ಹಾಕಿಸಿ ತಿಂಗಳೂ ಆಗಿಲ್ಲ, ತುದಿ ಆಗಲೇ ಹಿಡಿಸೂಡಿ ಹಾಗೆ ಕೆದರಿಕೊಂಡಿದೆ, ಏನು ಮಾಡೋದು?" ಮೇ ತಿಂಗಳು ಮುಗಿಯುವ ಹೊತ್ತಿಗೆ ಈ ಪ್ರಶ್ನೆ ಬರೋಕೆ ಶುರುವಾಗುತ್ತದೆ. ಮಳೆ ಹಿಡಿದ ಮೇಲೆ ಇನ್ನೊಂದು ಪ್ರಶ್ನೆ. ಗೇರ್ ಒತ್ತಿದರೆ ಬದಲಾಗಲ್ಲ, ಬ್ರೇಕ್ ಹಿಡಿದರೆ ವಾಪಸ್ ಬರಲ್ಲ, ವೈರ್ ಜಾಮ್ ಆಗಿದೆ. ಎರಡೂ ಬೇರೆ ಬೇರೆ ತೊಂದರೆ ಅನ್ನಿಸುತ್ತದೆ, ಆದರೆ ಎರಡೂ ಶುರುವಾಗೋದು ತುದಿಯಲ್ಲೇ. ಒಂದು ಇನ್ನರ್ ತುದಿ, ಇನ್ನೊಂದು ಔಟರ್ ತುದಿ. ಆದ್ದರಿಂದ ಎರಡನ್ನೂ ಸೇರಿಸಿಯೇ ಹೇಳುತ್ತೇನೆ.

ಮೊದಲೇ ಒಂದು ಮಾತು. ನಿಮ್ಮದು ಅಜ್ಜನ ಕಾಲದ ಕಪ್ಪು ಸೈಕಲ್ಲಾಗಿದ್ದು, ಬ್ರೇಕಿಗೆ ಕಬ್ಬಿಣದ ರಾಡ್ ಇದ್ದರೆ ಈ ಲೇಖನ ನಿಮಗೆ ಬೇಡ, ಆರಾಮಾಗಿರಿ. ಎಣ್ಣೆಯ ಒತ್ತಡದಲ್ಲಿ ನಡೆಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೂ ಇದು ಅನ್ವಯಿಸಲ್ಲ. ಆದರೆ ಆ ಸೈಕಲ್ಲಿಗೆ ಗೇರ್ ಇದ್ದರೆ ಗೇರ್ ವೈರ್ ಸಾಮಾನ್ಯವಾಗಿ ಇರುತ್ತದೆ, ಓದಿ.

ಒಂದೆರಡು ಪದ

ಇನ್ನರ್ ಅಂದರೆ ಒಳಗೆ ಓಡಾಡುವ ಉಕ್ಕಿನ ವೈರ್. ಬ್ರೇಕಿನದು 1.5 ಅಥವಾ 1.6 ಮಿ.ಮೀ. ದಪ್ಪ, ಗೇರಿನದು 1.1 ಅಥವಾ 1.2 ಮಿ.ಮೀ. ಔಟರ್ ಅಂದರೆ ಅದರ ಮೇಲಿನ ಪ್ಲಾಸ್ಟಿಕ್ ಕೊಳವೆ. ಬ್ರೇಕಿನ ಔಟರ್ ಸಾಮಾನ್ಯವಾಗಿ 5 ಮಿ.ಮೀ., ಗೇರಿನದು 4 ಮಿ.ಮೀ. ಫೆರೂಲ್ ಅಂದರೆ ಔಟರ್ ತುದಿಗೆ ಹಾಕುವ ಪುಟ್ಟ ಟೊಪ್ಪಿ. ಎಂಡ್ ಕ್ಯಾಪ್ ಅಂದರೆ ಇನ್ನರ್ ತುದಿಗೆ ಒತ್ತಿ ಕೂರಿಸುವ ಅಲ್ಯೂಮಿನಿಯಂ ಚಿಪ್ಪು. ಅಂಗಡಿಯಲ್ಲಿ ಎರಡನ್ನೂ "ಕ್ಯಾಪ್" ಅಂತಲೇ ಕರೆಯುತ್ತಾರೆ, ಹಾಗಾಗಿ ಇನ್ನರ್ ಕ್ಯಾಪೋ ಔಟರ್ ಕ್ಯಾಪೋ ಅಂತ ಬಿಡಿಸಿ ಕೇಳಿ. ಬ್ರೇಕಿಗೋ ಗೇರಿಗೋ ಅನ್ನೋದನ್ನೂ ಹೇಳಿ.

ಒಂದು ಎಚ್ಚರಿಕೆ ಈಗಲೇ ಕೊಟ್ಟುಬಿಡುತ್ತೇನೆ. ಉಳಿದಿದೆ ಅಂತ ಗೇರ್ ಔಟರನ್ನು ಬ್ರೇಕಿಗೆ ಹಾಕಬೇಡಿ. ಬ್ರೇಕ್ ಔಟರ್ ಒಳಗೆ ಉಕ್ಕಿನ ಪಟ್ಟಿ ಸ್ಪ್ರಿಂಗಿನಂತೆ ಸುತ್ತಿರುತ್ತದೆ. ಗೇರ್ ಔಟರ್ ಒಳಗೆ ತಂತಿಗಳು ಉದ್ದುದ್ದಕ್ಕೆ ಇರುತ್ತವೆ, ಅವನ್ನು ಹಿಡಿದಿಡೋದು ಮೇಲಿನ ಪ್ಲಾಸ್ಟಿಕ್ ಮಾತ್ರ. ಜೋರಾಗಿ ಬ್ರೇಕ್ ಹಿಡಿದಾಗ ಅದು ಸೀಳಿಕೊಳ್ಳಬಹುದು. ಆಗುಂಬೆ ಘಾಟಿ ಇಳಿಯುವಾಗ ಸೀಳಿದರೆ ಏನಾಗುತ್ತೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ.

ತುದಿ ಯಾಕೆ ಕೆದರುತ್ತದೆ

ಇನ್ನರ್ ಒಂದೇ ತಂತಿಯಲ್ಲ. ಸಣ್ಣ ಎಳೆಗಳನ್ನು ಹುರಿಗೊಳಿಸಿ ಮಾಡಿರುತ್ತಾರೆ. ಸಾಮಾನ್ಯವಾಗಿ 19 ಎಳೆ ಇರುತ್ತದೆ: ನಡುವೆ ಒಂದು, ಅದರ ಸುತ್ತ ಆರು, ಅದರ ಹೊರಗೆ ಹನ್ನೆರಡು. ಕತ್ತರಿಸಿದ ಕ್ಷಣ ಹೊರಗಿನ ಎಳೆಗಳಿಗೆ ಹಿಡಿತ ತಪ್ಪುತ್ತದೆ. ಒಂದು ಎಳೆ ಎದ್ದರೆ ಪಕ್ಕದ್ದು ಸಡಿಲ, ಹಾಗೇ ನಿಧಾನವಾಗಿ, ವೈರನ್ನು ಬಿಗಿಹಿಡಿಯುವ ಬೋಲ್ಟಿನವರೆಗೂ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಬಿಚ್ಚಿದ ಎಳೆ ಬೆರಳಿಗೆ ಚುಚ್ಚೋದು ಚಿಕ್ಕ ವಿಷಯ. ಆ ವೈರನ್ನು ಒಮ್ಮೆ ಹೊರಗೆಳೆದರೆ ಮತ್ತೆ ಔಟರ್ ಒಳಗೆ ತೂರಿಸೋಕೆ ಆಗಲ್ಲ, ಇದೇ ದೊಡ್ಡ ತೊಂದರೆ. ನಮ್ಮ ಮಲೆನಾಡಿನ ಕಡೆ ವೈರನ್ನು ಹೊರಗೆಳೆಯದೆ ವಿಧಿಯಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಜಾಸ್ತಿ ಮಳೆ, ಹುಲಿಕಲ್ ಕಡೆಯೂ ಕಡಿಮೆಯೇನಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರದವರು ಮಳೆಗಾಲಕ್ಕೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಇನ್ನರ್ ಎಳೆದು ಒರೆಸಿ ಗ್ರೀಸ್ ಹಾಕಿದರೆ ಒಳ್ಳೆಯದು. ಶಿವಮೊಗ್ಗ ಪೇಟೆ, ಭದ್ರಾವತಿ, ಶಿಕಾರಿಪುರದ ಕಡೆ ವರ್ಷಕ್ಕೊಮ್ಮೆ ಸಾಕು.

ಹಾಗಾಗಿ ಬೇರೆ ಕಡೆಯವರಿಗೆ "ಕ್ಯಾಪ್ ಒತ್ತಿ, ಮುಗೀತು" ಅಂದರೆ ಆಯಿತು. ಮಲೆನಾಡಿನವರಿಗೆ ನನ್ನ ಸಲಹೆ ಬೇರೆ: ಸಾಧ್ಯವಿದ್ದರೆ ತುದಿಗೆ ಬೆಸುಗೆ ಹಾಕಿ. ಕಾರಣ ಸರಳ. ಕ್ಯಾಪ್ ಔಟರ್ ಒಳಗೆ ತೂರಲ್ಲ, ವೈರ್ ಹೊರತೆಗೆಯುವಾಗ ಪ್ರತಿ ಸಲ ಕತ್ತರಿಸಿ ಎಸೆಯಬೇಕು, ಜೊತೆಗೆ ವೈರೂ ಸ್ವಲ್ಪ ಸ್ವಲ್ಪ ಗಿಡ್ಡವಾಗುತ್ತದೆ. ಬೆಸುಗೆ ಹಾಕಿದ ತುದಿ ವೈರಿನಷ್ಟೇ ದಪ್ಪ, ಎಷ್ಟು ಸಲ ಬೇಕಾದರೂ ಹೊರಗೆಳೆದು ಒಳಗೆ ತೂರಿಸಬಹುದು.

ಬೇಕಾಗುವ ಸಾಮಾನು

ಕೇಬಲ್ ಕಟರ್ ಇದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಅದರ ಬಾಯಿ ಬಾಗಿರುತ್ತದೆ, ವೈರನ್ನು ಸುತ್ತಲಿಂದ ಹಿಡಿದು ಒಂದೇ ಸಲಕ್ಕೆ ತುಂಡು ಮಾಡುತ್ತದೆ. ಕರೆಂಟ್ ಕೆಲಸದ ಕಟಿಂಗ್ ಪ್ಲೈಯರ್ ತಾಮ್ರಕ್ಕೆ ಮಾಡಿದ್ದು, ಉಕ್ಕಿನ ವೈರನ್ನು ಜಜ್ಜುತ್ತದೆ, ಪ್ಲೈಯರಿನ ಬಾಯಿಯೂ ಹಾಳು. ಕಟರ್ ಇಲ್ಲದಿದ್ದರೆ ಕಬ್ಬಿಣದ ದಪ್ಪ ತುಂಡಿನ ಮೇಲೆ ವೈರಿಟ್ಟು ಚೂಪಾದ ಉಳಿಯಿಂದ ಒಂದೇ ಏಟು. ಎರಡನೇ ಏಟು ಬಿದ್ದರೆ ಎಳೆಗಳು ಚದುರುತ್ತವೆ.

ಉಳಿದದ್ದು: ಸಣ್ಣ ಅರ, ದಬ್ಬಳ ಅಥವಾ ಗೋಣಿಸೂಜಿ, ಸೆಲ್ಲೋಟೇಪ್, ಹಳೆ ಬಟ್ಟೆ, ಗ್ರೀಸ್, ಇನ್ನರ್ ಮತ್ತು ಔಟರ್ ಕ್ಯಾಪ್‌ಗಳು. ಬೆಸುಗೆ ಹಾಕುವವರಿಗೆ 40ರಿಂದ 60 ವ್ಯಾಟ್‌ನ ಸೋಲ್ಡರಿಂಗ್ ಐರನ್, ಸೋಲ್ಡರ್ ವೈರ್, ಫ್ಲಕ್ಸ್. ಫ್ಲಕ್ಸ್ ಅಂದರೆ ಬೆಸುಗೆ ಅಂಟಿಕೊಳ್ಳಲು ಮೊದಲು ಹಚ್ಚುವ ಪೇಸ್ಟ್. ಐರನ್ ಇಲ್ಲ ಅಂತ ಕೊಳ್ಳೋಕೆ ಹೋಗಬೇಡಿ. ಟಿವಿ, ರೇಡಿಯೋ ರಿಪೇರಿ ಮಾಡುವವರ ಹತ್ತಿರ ಇದ್ದೇ ಇರುತ್ತದೆ, ಎರಡು ನಿಮಿಷದ ಕೆಲಸ.

1. ಮೊದಲು ಔಟರ್ ತುದಿ ಸರಿಮಾಡಿ

ಎಲ್ಲರೂ ಇನ್ನರ್ ತುದಿಯ ಬಗ್ಗೆಯೇ ಕೇಳುತ್ತಾರೆ, ಔಟರ್ ಮರೆತುಬಿಡುತ್ತಾರೆ. ಗೇರ್ ಸರಿಯಾಗಿ ಕೂರದಿರಲು, ಬ್ರೇಕ್ ಸ್ಪಂಜಿನ ಹಾಗೆ ಅನ್ನಿಸಲು ಬಹಳ ಸಲ ಇದೇ ಕಾರಣ.

ಔಟರ್ ಕತ್ತರಿಸುವಾಗ ಒಳಗೆ ಹಳೆ ಇನ್ನರಿನ ತುಂಡೊಂದನ್ನು ಇಟ್ಟುಕೊಳ್ಳಿ. ಆಗ ಕೊಳವೆ ಚಪ್ಪಟೆಯಾಗಲ್ಲ. ಕತ್ತರಿಸಿದ ಮೇಲೆ ತುದಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಬ್ರೇಕ್ ಔಟರಾದರೆ ಸುತ್ತಿದ ಪಟ್ಟಿಯ ಕೊನೆ ಕೊಕ್ಕೆಯಂತೆ ಒಳಗೆ ಬಾಗಿರುತ್ತದೆ. ಇದು ಹಾಗೇ ಉಳಿದರೆ ಇನ್ನರನ್ನು ದಿನಾ ಕೊರೆಯುತ್ತದೆ. ಪ್ಲೈಯರಿನಿಂದ ಆ ಕೊಕ್ಕೆ ಚಿವುಟಿ ತೆಗೆದು, ಅರದಿಂದ ತುದಿಯನ್ನು ಸಮತಟ್ಟಾಗಿ ಉಜ್ಜಿ. ನೇರ ನಿಲ್ಲಿಸಿದರೆ ವಾಲದೆ ನಿಲ್ಲಬೇಕು, ಅಷ್ಟು. ಒಳಗಿನ ಬಿಳಿ ಪ್ಲಾಸ್ಟಿಕ್ ನಾಳ ಕತ್ತರಿಸುವಾಗ ಮುಚ್ಚಿಕೊಂಡಿರುತ್ತದೆ, ಅದಕ್ಕೆ ಗೋಣಿಸೂಜಿ ಚುಚ್ಚಿ ತಿರುಗಿಸಿ ಬಾಯಿ ಬಿಡಿಸಿ. ಸೂಜಿಯನ್ನು ಬಿಸಿ ಮಾಡಬೇಡಿ, ನಾಳ ಕರಗಿ ಬಾಯಿ ಇನ್ನಷ್ಟು ಕಿರಿದಾಗುತ್ತದೆ.

ಆಮೇಲೆ ಫೆರೂಲ್ ಒಳಗೆ ಚೂರು ಗ್ರೀಸ್ ಸವರಿ ಔಟರಿಗೆ ಪೂರ್ತಿ ಒತ್ತಿ. ಗ್ರೀಸ್ ಇಲ್ಲಿ ನೀರು ತಡೆಯೋಕೆ.

ನೀರು ಎಲ್ಲಿಂದ ಇಳಿಯುತ್ತೆ ಅನ್ನೋದನ್ನೂ ಇಲ್ಲೇ ನೋಡಿಬಿಡಿ. ಹಿಂದಿನ ಗೇರಿನ ಹತ್ತಿರ ಔಟರಿನ ಒಂದು ಗಿಡ್ಡ ತುಂಡು ಬಾಗಿಕೊಂಡು ಇರುತ್ತದೆ ನೋಡಿ. ಹಲವು ಸೈಕಲ್‌ಗಳಲ್ಲಿ ಬರಿಯ ಇನ್ನರ್ ಸೀಟಿನ ಕಡೆಯಿಂದ ಕೆಳಗಿಳಿದು ಈ ತುಂಡಿನೊಳಗೆ ಹೋಗುತ್ತದೆ. ಮಳೆನೀರು ವೈರಿನ ಮೇಲೇ ಜಾರಿ ನೇರ ಒಳಗೆ. ಕೆಲವದರಲ್ಲಿ ವೈರ್ ಕೆಳಗಿನ ಪೈಪಿನ ಪಕ್ಕ ಬರುತ್ತದೆ, ಅಲ್ಲಿ ಚಕ್ರ ಎರಚುವ ಕೆಸರು ತುಂಬುತ್ತದೆ. ತುಕ್ಕು ಮೊದಲು ಹಿಡಿಯೋದು ಇಲ್ಲೇ, ಬಾಗಿದ ಜಾಗದ ತಳದಲ್ಲಿ. ಈ ತುಂಡಿಗೆ ಮಾತ್ರವಾದರೂ ರಬ್ಬರ್ ಮೂತಿ ಇರುವ ಫೆರೂಲ್ ಹಾಕಿ, ಮಳೆಗಾಲ ಮುಗಿದ ಮೇಲೆ ತುಂಡನ್ನೇ ಬದಲಾಯಿಸಿದರೂ ದುಡ್ಡೇನೂ ಹೆಚ್ಚು ಆಗಲ್ಲ. ಲಿವರಿನಿಂದ ಕೊನೆಯವರೆಗೆ ಎಲ್ಲೂ ಕತ್ತರಿಸದ ಒಂದೇ ಔಟರ್ ಹಾಕಿ ಕೇಬಲ್ ಟೈಯಿಂದ ಫ್ರೇಮಿಗೆ ಕಟ್ಟುವವರೂ ಇದ್ದಾರೆ. ನೋಡಲು ಅಷ್ಟು ಚೆನ್ನಾಗಿರಲ್ಲ, ಆದರೆ ಹೊಸನಗರದ ಮಳೆಗೆ ಅದಕ್ಕಿಂತ ಒಳ್ಳೆ ಉಪಾಯ ನನಗೆ ಕಾಣೆ.

2. ಇನ್ನರ್ ತೂರಿಸಿ, ಬ್ರೇಕ್ ಸೆಟ್ ಮಾಡಿ, ಇನ್ನೂ ಕತ್ತರಿಸಬೇಡಿ

ಹೊಸ ಇನ್ನರಿನ ಕೊನೆ ಕಾರ್ಖಾನೆಯಿಂದಲೇ ಬೆಸೆದು ಬಂದಿರುತ್ತದೆ. ಅದನ್ನು ಮೊದಲೇ ಕತ್ತರಿಸಿದರೆ ಔಟರ್ ಒಳಗೆ ತೂರಿಸುವಾಗ ಎಳೆ ಸಿಕ್ಕಿಹಾಕಿಕೊಳ್ಳುತ್ತದೆ. ತೂರಿಸಿ, ಬೋಲ್ಟ್ ಬಿಗಿ ಮಾಡಿ, ಬ್ರೇಕನ್ನು ಹತ್ತಿಪ್ಪತ್ತು ಸಲ ಗಟ್ಟಿಯಾಗಿ ಹಿಡಿದು ಬಿಡಿ. ಔಟರ್ ತುದಿಗಳು ಫೆರೂಲ್ ಒಳಗೆ ಸರಿಯಾಗಿ ಕೂರುತ್ತವೆ, ವೈರ್ ಸ್ವಲ್ಪ ಸಡಿಲವಾಗುತ್ತದೆ. ಮತ್ತೆ ಎಳೆದು ಬಿಗಿ ಮಾಡಿ. ಬ್ರೇಕ್ ಬೋಲ್ಟಿಗೆ ಸಾಮಾನ್ಯವಾಗಿ 6ರಿಂದ 8 ನ್ಯೂಟನ್ ಮೀಟರ್ ಬಿಗಿ ಬೇಕು. ಅಳೆಯುವ ಸ್ಪ್ಯಾನರ್ ಇಲ್ಲದಿದ್ದರೆ ಗಿಡ್ಡ ಅಲೆನ್ ಕೀಯಿಂದ ಗಟ್ಟಿಯಾಗಿ ಬಿಗಿ ಮಾಡಿ, ಉದ್ದ ಪೈಪ್ ಸಿಕ್ಕಿಸಿ ತಿರುಗಿಸುವ ಸಾಹಸ ಬೇಡ. ಗೇರ್ ಕೂಡ ಪೂರ್ತಿ ಟ್ಯೂನ್ ಆಗಿರಲಿ. ಸಾಧ್ಯವಾದರೆ ಒಂದು ಸುತ್ತು ಓಡಿಸಿಕೊಂಡು ಬನ್ನಿ. ಬಾಲ, ಅಂದರೆ ಬೋಲ್ಟಿನಿಂದಾಚೆ ಉಳಿದ ವೈರ್, ಆಗ ಉದ್ದ ಇರುತ್ತದೆ, ಚಕ್ರಕ್ಕೆ ಸಿಗದಂತೆ ಸುರುಳಿ ಸುತ್ತಿ ಟೇಪ್ ಹಾಕಿರಿ.

3. ಬಿಗಿಯಾಗಿ ಸುತ್ತಿ, ಆಮೇಲೆ ಕತ್ತರಿಸಿ

ಬೋಲ್ಟಿನಿಂದ ಬ್ರೇಕಿಗೆ 4-5 ಸೆಂ.ಮೀ., ಗೇರಿಗೆ 3-4 ಸೆಂ.ಮೀ. ಬಾಲ ಬಿಡಿ. ಚಿಕ್ಕದು ಮಾಡಿದರೆ ಮುಂದೆ ವೈರ್ ಎಳೆದು ಬಿಗಿ ಮಾಡುವಾಗ ಪ್ಲೈಯರಿಗೆ ಹಿಡಿಯಲು ಏನೂ ಸಿಗಲ್ಲ. ಉದ್ದ ಬಿಟ್ಟರೆ ಕಡ್ಡಿಗೋ ಚೈನಿಗೋ ಹೋಗಿ ಸೇರುತ್ತದೆ.

ಬೆಸುಗೆ ಅಥವಾ ಗಮ್ ಹಾಕುವವರು ಈಗ ಕತ್ತರಿಸದೆ ನೇರ ನಾಲ್ಕನೇ ಹಂತಕ್ಕೆ ಹೋಗಿ. ಉಳಿದವರು ಕತ್ತರಿಸುವ ಜಾಗಕ್ಕೆ ಸೆಲ್ಲೋಟೇಪನ್ನು ಎಳೆದು ಎಳೆದು ಮೂರು ಸುತ್ತು ಸುತ್ತಿ. ಎಳೆಗಳು ಯಾವ ಕಡೆ ಹುರಿಗೊಂಡಿವೆಯೋ ಅದೇ ದಿಕ್ಕಿಗೆ ಸುತ್ತಬೇಕು, ಉಲ್ಟಾ ಸುತ್ತಿದರೆ ನೀವೇ ಬಿಚ್ಚಿದಂತೆ. ಟೇಪಿನ ನಡುವೆ ಕಟರ್ ಇಟ್ಟು ಒಂದೇ ಸಲಕ್ಕೆ ಒತ್ತಿ. ತುಂಡಾದ ಭಾಗ ಹಾರುತ್ತದೆ, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಮುಚ್ಚಿಕೊಳ್ಳಿ. ಅಂಗಳದಲ್ಲಿ ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ, ಬಿದ್ದ ಎಳೆಗಳನ್ನು ಆಯಸ್ಕಾಂತ ಆಡಿಸಿ ಆರಿಸಿಬಿಡಿ.

ಲೈಟರಿನಲ್ಲಿ ತುದಿ ಕಾಯಿಸಿದರೆ ಎಳೆಗಳು ಕರಗಿ ಅಂಟಿಕೊಳ್ಳುತ್ತವೆ ಅಂತ ಯಾರೋ ಹೇಳಿಯೇ ಹೇಳುತ್ತಾರೆ. ಅದು ನೈಲಾನ್ ಹಗ್ಗಕ್ಕೆ ಸರಿ. ಉಕ್ಕು ಲೈಟರಿಗೆ ಕರಗಲ್ಲ. ಸುಮ್ನೆ ಮೇಲಿನ ಸತುವಿನ ಲೇಪ ಹಾಳಾಗಿ ತುಕ್ಕು ಬೇಗ ಬರುತ್ತದೆ, ಅಷ್ಟೇ ಲಾಭ.

4. ತುದಿ ಮುಚ್ಚಿ

ಕ್ಯಾಪ್ ಹಾಕುವವರಿಗೆ: ಟೇಪ್ ತೆಗೆದು, ತುದಿಯನ್ನು ಹುರಿಯ ದಿಕ್ಕಿಗೇ ಬೆರಳಲ್ಲಿ ತಿರುಗಿಸುತ್ತಾ ಕ್ಯಾಪ್ ಒಳಗೆ ಕೊನೆಯವರೆಗೆ ತಳ್ಳಿ. ಪ್ಲೈಯರಿನಿಂದ ಎರಡು ಕಡೆ ಮೆಲ್ಲಗೆ ಒತ್ತಿ. ಜೋರಾಗಿ ಒತ್ತಿದರೆ ಕ್ಯಾಪೇ ತುಂಡಾಗುತ್ತದೆ. ಬ್ರೇಕ್ ಕ್ಯಾಪನ್ನು ಗೇರ್ ವೈರಿಗೆ ಹಾಕಿದರೆ ಸಡಿಲವಾಗಿ ಎಲ್ಲೋ ದಾರಿಯಲ್ಲಿ ಬಿದ್ದುಹೋಗುತ್ತದೆ, ಅಳತೆ ನೋಡಿ ಹಾಕಿ. ಒಂದು ಎಳೆ ಒಳಗೆ ಹೋಗಲ್ಲ ಅಂತ ಅದೊಂದನ್ನೇ ಕತ್ತರಿಸಬೇಡಿ, ಕೆದರಿದ ಭಾಗದ ಹಿಂದೆ ಟೇಪ್ ಸುತ್ತಿ ಪೂರ್ತಿ ಇನ್ನೊಮ್ಮೆ ಕತ್ತರಿಸಿ.

ಬೆಸುಗೆ ಹಾಕುವವರಿಗೆ: ನಿಮಗೆ ಕ್ರಮವೇ ಬೇರೆ. ಮೊದಲು ಬೆಸುಗೆ, ಆಮೇಲೆ ಕತ್ತರಿಸೋದು. ಬಾಲ ಉದ್ದ ಇರುವಾಗಲೇ ಅದನ್ನು ಟೈರಿನಿಂದ ದೂರಕ್ಕೆ ಬಾಗಿಸಿ, ಬೋಲ್ಟಿನ ಪಕ್ಕ ಒದ್ದೆ ಬಟ್ಟೆ ಸುತ್ತಿ. ಕತ್ತರಿಸಬೇಕಾದ ಜಾಗದ ಆಚೀಚೆ ಒಂದೊಂದು ಸೆಂ.ಮೀ. ಚೆನ್ನಾಗಿ ಒರೆಸಿ. ಹೊಸ ವೈರಿಗೂ ಎಣ್ಣೆ ಸವರಿರುತ್ತಾರೆ, ಎಣ್ಣೆಯಿದ್ದರೆ ಬೆಸುಗೆ ಹತ್ತಲ್ಲ. ಥಿನ್ನರ್ ಅಥವಾ ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಆಗುತ್ತದೆ. ಆದರೆ ಅದು ಪೂರ್ತಿ ಆರಿ, ಬಾಟಲಿ ಮತ್ತು ಬಟ್ಟೆ ದೂರ ಹೋದ ಮೇಲೆಯೇ ಐರನ್ ಪ್ಲಗ್ ಹಾಕಿ.

ಫ್ಲಕ್ಸ್ ಹಚ್ಚಿ, ಐರನ್ನನ್ನು ವೈರಿನ ಕೆಳಗೆ ಹಿಡಿಯಿರಿ, ಸೋಲ್ಡರನ್ನು ಮೇಲಿನಿಂದ ಮುಟ್ಟಿಸಿ. ವೈರ್ ಕಾದ ಮೇಲೆ ಸೋಲ್ಡರ್ ತಾನೇ ಎಳೆಗಳ ನಡುವೆ ಹೀರಿಕೊಳ್ಳುತ್ತದೆ. ಬೂದು ಬಣ್ಣದ ಸಂದುಗಳು ಒಂದೊಂದಾಗಿ ಬೆಳ್ಳಿಯ ಹಾಗೆ ಹೊಳೆಯುತ್ತಾ ತುಂಬಿಕೊಳ್ಳೋದು ಕಣ್ಣಿಗೇ ಕಾಣುತ್ತದೆ, ಅಲ್ಲಿಗೆ ನಿಲ್ಲಿಸಿ. 60/40 ಸೋಲ್ಡರ್ (60 ಪಾಲು ತವರ, 40 ಪಾಲು ಸೀಸ) 190 ಡಿಗ್ರಿ ಸೆಲ್ಸಿಯಸ್ ಒಳಗೇ ಕರಗುತ್ತದೆ, ಜಾಸ್ತಿ ಹೊತ್ತು ಹಿಡಿಯುವ ಅಗತ್ಯವಿಲ್ಲ. ಮೇಲೆ ಗಡ್ಡೆ ಕಟ್ಟಿದರೆ ಐರನ್ನಿನಿಂದ ಸವರಿ ಇಳಿಸಿ, ಇಲ್ಲದಿದ್ದರೆ ಔಟರ್ ಒಳಗೆ ತೂರಲ್ಲ. ತಣ್ಣಗಾದ ಮೇಲೆ ಬೆಸುಗೆಯ ನಟ್ಟನಡುವೆ ಕತ್ತರಿಸಿ. ಒಂದು ಎಳೆಯೂ ಏಳಲ್ಲ.

ಇಲ್ಲಿ ಎಡವುವ ಜಾಗಗಳು ಕೆಲವಿವೆ.

ಸೋಲ್ಡರ್ ಹನಿಯಾಗಿ ಉರುಳಿ ಬಿದ್ದರೆ, ವೈರಿನಲ್ಲಿ ಎಣ್ಣೆ ಉಳಿದಿಲ್ಲ ಅಂತಾದರೆ, ನಿಮ್ಮದು ಸ್ಟೇನ್‌ಲೆಸ್ ವೈರ್. ಅದಕ್ಕೆ ಮಾಮೂಲಿ ರಾಳದ ಫ್ಲಕ್ಸ್ ಸಾಲಲ್ಲ, ಆ್ಯಸಿಡ್ ಫ್ಲಕ್ಸ್ ಬೇಕು. ಆಯಸ್ಕಾಂತ ಹಿಡಿದು ಪರೀಕ್ಷೆ ಮಾಡಬೇಡಿ, ಎಳೆಯಾಗಿ ಎಳೆದ ಸ್ಟೇನ್‌ಲೆಸ್ ಕೂಡ ಸ್ವಲ್ಪ ಅಂಟಿಕೊಳ್ಳುತ್ತದೆ. ಆ್ಯಸಿಡ್ ಬಳಸಿದರೆ ಕೆಲಸ ಮುಗಿದ ಕೂಡಲೇ ಅಡುಗೆ ಸೋಡಾ ಕಲಸಿದ ನೀರಿನಲ್ಲಿ ತೊಳೆದು, ಒರೆಸಿ, ಒಂದು ತೊಟ್ಟು ಎಣ್ಣೆ ಹಾಕಿ. ಹಾಗೇ ಬಿಟ್ಟರೆ ತುಕ್ಕನ್ನು ನೀವೇ ಕರೆದ ಹಾಗೆ.

ಟೆಫ್ಲಾನ್ ಅಥವಾ ಬಣ್ಣದ ಲೇಪವಿರುವ ದುಬಾರಿ ವೈರಿಗೆ ಬೆಸುಗೆ ಬೇಡವೇ ಬೇಡ. ಬೆಸುಗೆ ಹತ್ತಲ್ಲ, ಕಾದ ಟೆಫ್ಲಾನಿನ ಹೊಗೆಯೂ ಒಳ್ಳೆಯದಲ್ಲ. ಅದಕ್ಕೆ ಕ್ಯಾಪ್ ಹಾಕಿ. 60/40 ಸೋಲ್ಡರಿನಲ್ಲಿ ಸೀಸ ಇರುತ್ತದೆ, ಕಿಟಕಿ ತೆರೆದಿಡಿ, ಕೈ ತೊಳೆದು ಆಮೇಲೆ ಕಾಫಿ ಕುಡಿಯಿರಿ.

ಬೆಸುಗೆ ಬೋಲ್ಟಿನ ಅಡಿಗೆ ಹೋಗಬಾರದು. ಸೋಲ್ಡರ್ ಮೆದು ಲೋಹ, ಬೋಲ್ಟ್ ಒತ್ತುತ್ತಾ ಇದ್ದರೆ ದಿನ ಕಳೆದಂತೆ ಹಿಂಡಿ ಹೋಗಿ ಹಿಡಿತ ಸಡಿಲವಾಗುತ್ತದೆ, ವೈರ್ ಜಾರುತ್ತದೆ. ಒದ್ದೆ ಬಟ್ಟೆ ಸುತ್ತಲು ಹೇಳಿದ್ದು ಇದಕ್ಕೇ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಬೆಸುಗೆ ಹಾಕೋದು ಬರಿಯ ಬಾಲಕ್ಕೆ. ಇನ್ನರಿನ ಇನ್ನೊಂದು ತುದಿಯಲ್ಲಿ, ಲಿವರಿಗೆ ಸಿಕ್ಕಿಸುವ ಲೋಹದ ಗುಂಡು ಕಿತ್ತುಬಂದರೆ ಅದನ್ನು ಬೆಸೆದು ಮತ್ತೆ ಹಾಕುವ ಬುದ್ಧಿವಂತಿಕೆ ಯಾರೂ ಮಾಡಬೇಡಿ. ಬಾಲದ ಮೇಲೆ ಯಾವ ಭಾರವೂ ಬೀಳಲ್ಲ, ಗುಂಡಿನ ಮೇಲೆ ಬ್ರೇಕಿನ ಪೂರ್ತಿ ಎಳೆತ ಬೀಳುತ್ತದೆ.

ಐರನ್ನೂ ಇಲ್ಲ, ಕ್ಯಾಪೂ ಸಿಗಲಿಲ್ಲ ಅನ್ನುವವರಿಗೆ ಫೆವಿಕ್ವಿಕ್ ಥರದ ನೀರಾದ ಗಮ್ ಇದೆ. ಒರೆಸಿದ ವೈರಿಗೆ ಎರಡು ಹನಿ ಬಿಟ್ಟರೆ ಎಳೆಗಳ ನಡುವೆ ಇಳಿದು ಗಟ್ಟಿಯಾಗುತ್ತದೆ, ಆಮೇಲೆ ಕತ್ತರಿಸಿ. ಬೆಸುಗೆಯಷ್ಟು ಬಾಳಿಕೆ ಬರಲ್ಲ, ಆದರೆ ಔಟರ್ ಒಳಗೆ ತೂರುತ್ತದೆ. ಕರೆಂಟಿನವರು ಬಳಸುವ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಕಾಯಿಸಿದರೆ ಕುಗ್ಗಿ ಅಪ್ಪಿಕೊಳ್ಳುವ ಕೊಳವೆ, ಅದೂ ಪರವಾಗಿಲ್ಲ. ಬರೀ ಇನ್ಸುಲೇಷನ್ ಟೇಪ್ ಮಾತ್ರ ಬೇಡ, ಒಂದು ಮಳೆಗೆ ಅಂಟು ಬಿಟ್ಟು ಬಾಲದಲ್ಲಿ ಜೋತಾಡುತ್ತದೆ.

5. ಬಾಲ ಬಾಗಿಸಿ

ಬ್ರೇಕಿನದ್ದಾದರೆ ಟೈರಿನಿಂದ ಆಚೆಗೆ, ಗೇರಿನದ್ದಾದರೆ ಕಡ್ಡಿ ಮತ್ತು ಚೈನಿನಿಂದ ಆಚೆಗೆ. ಚೂಪಾಗಿ ಮುರಿದಂತೆ ಮಡಚದೆ ದುಂಡಗೆ ಬಾಗಿಸಿ. ಪೆಡಲ್ ತಿರುಗಿಸಿ ಎಲ್ಲ ಗೇರಿಗೂ ಒಮ್ಮೆ ಹೋಗಿ ಬನ್ನಿ. ಯಾವುದೋ ಒಂದು ಗೇರಿನಲ್ಲಿ ಮಾತ್ರ ಬಾಲ ಕಡ್ಡಿಗೆ ತಾಗುವುದುಂಟು.

6. ಒಳಗೆ ಏನು ಹಾಕಬೇಕು

ಬ್ರೇಕಿನ ಇನ್ನರಿಗೆ ಗ್ರೀಸನ್ನು ಬೆರಳಲ್ಲಿ ತೆಳ್ಳಗೆ ಸವರಿ. ಗೇರಿಗೆ ಇನ್ನೂ ತೆಳ್ಳಗೆ, ದಪ್ಪ ಗ್ರೀಸ್ ಹಾಕಿದರೆ ಗೇರ್ ನಿಧಾನವಾಗುತ್ತದೆ. ಮನೆಯಲ್ಲಿದೆ ಅಂತ ಕೊಬ್ಬರಿ ಎಣ್ಣೆ ಬಿಡುವವರು ಬಹಳ ಜನ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಗ್ಗೆ ಬಚ್ಚಲಿನ ಬಾಟಲಿಯಲ್ಲಿ ಎಣ್ಣೆ ಹೇಗಿರುತ್ತದೋ ವೈರಿನೊಳಗೂ ಹಾಗೇ ಇರುತ್ತದೆ. ಸೀಮೆಎಣ್ಣೆ ತೊಳೆಯೋಕೆ ಮಾತ್ರ ಸರಿ, ಇದ್ದ ಜಿಡ್ಡನ್ನೂ ತೆಗೆದುಬಿಡುತ್ತದೆ.

ವೈರ್ ಹೊರಗೆಳೆದಾಗ ಹಳೆ ಬಟ್ಟೆಯೊಂದನ್ನು ಅದರ ಸುತ್ತ ಹಿಡಿದು ಗುಂಡಿನಿಂದ ತುದಿಯವರೆಗೆ ಮೆಲ್ಲಗೆ ಎಳೆಯಿರಿ. ಬಟ್ಟೆ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಎಳೆ ಮುರಿದಿದೆ ಅಂತ ಅರ್ಥ. ಬೋಲ್ಟಿನಿಂದ ಆಚೆ, ಬಾಲದಲ್ಲಿ ಮುರಿದಿದ್ದರೆ ಕತ್ತರಿಸಿ ಮತ್ತೆ ತುದಿ ಮುಚ್ಚಿ. ಬೋಲ್ಟಿನ ಅಡಿಯಲ್ಲೋ, ಲಿವರಿನ ಹತ್ತಿರ ಗುಂಡಿನ ಬುಡದಲ್ಲೋ ಒಂದೇ ಒಂದು ಎಳೆ ಮುರಿದಿದ್ದರೂ ಬೆಸುಗೆ, ಕ್ಯಾಪ್, ಗಮ್ ಯಾವುದೂ ಉಪಯೋಗಕ್ಕಿಲ್ಲ. ಹೊಸ ಇನ್ನರ್ ತಂದು ಎರಡನೇ ಹಂತದಿಂದ ಶುರು ಮಾಡಿ.